ನಕ್ಷೆಯಲ್ಲಿ ಎಲ್ಲ ಸರಿಯಿತ್ತು

ನಿರಾಶ್ರಿತರ ಶಿಬಿರಕ್ಕೆ ನಾನು ಮೊದಲ ಸಲ ನಕ್ಷೆ ಹಾಕಿದಾಗ ಲೆಕ್ಕವೆಲ್ಲ ಪಕ್ಕಾ ಇತ್ತು. ನೆರವು ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಕೈಪಿಡಿ ಹೇಳುವಂತೆ ದಾರಿ, ಶಾಲೆ ಎಲ್ಲ ಸೇರಿ ತಲೆಗೆ 45 ಚದರ ಮೀಟರ್ ಜಾಗ. ಸೂರಿನ ಕೆಳಗೆ 3.5 ಚದರ ಮೀಟರ್. 250 ಜನಕ್ಕೆ ಒಂದು ನಲ್ಲಿ, 20 ಜನಕ್ಕೆ ಒಂದು ಟಾಯ್ಲೆಟ್, ಅದೂ ಡೇರೆಯಿಂದ 50 ಮೀಟರ್ ಒಳಗೆ. ಡೇರೆಗಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಟಾಯ್ಲೆಟ್‌ಗಳನ್ನು ದೊಡ್ಡ ದಾರಿಯ ಪಕ್ಕಕ್ಕೆ ಹಾಕಿದೆ. ಗುಂಡಿ ಖಾಲಿ ಮಾಡುವ ಲಾರಿ ಸಲೀಸಾಗಿ ಬರಲಿ ಅಂತ. ಲಾರಿಗೇನೋ ತುಂಬ ಅನುಕೂಲವಾಯಿತು.

ಮೂರು ವಾರದ ಮೇಲೆ ಒಬ್ಬ ಹೆಂಗಸು ಮಾತಿನ ನಡುವೆ, "ಸಂಜೆ ಆದ ಮೇಲೆ ನಾವು ನೀರು ಕುಡಿಯಲ್ಲ" ಅಂದರು. ಯಾವುದೋ ವ್ರತ ಇರಬೇಕು ಅಂದುಕೊಂಡೆ. ಅವರ ಮಾತನ್ನು ನನಗೆ ಅನುವಾದಿಸುತ್ತಿದ್ದ ಹುಡುಗಿ ನನ್ನ ಮುಖ ನೋಡಿ ಬಿಡಿಸಿ ಹೇಳಿದಳು: ಕುಡಿದರೆ ರಾತ್ರಿ ಎದ್ದು ಹೋಗಬೇಕಲ್ವಾ?

ಅವತ್ತು ಕತ್ತಲಾದ ಮೇಲೆ ಆ ದಾರಿಯಲ್ಲಿ ನಾನೇ ನಡೆದು ನೋಡಿದೆ. ಟಾಯ್ಲೆಟ್ ಬಾಗಿಲುಗಳೆಲ್ಲ ದಾರಿಯ ಕಡೆಗೇ ಇದ್ದವು. ಕೆಲವಕ್ಕೆ ಒಳಗಡೆ ಚಿಲಕವೇ ಇಲ್ಲ. ಭದ್ರತೆಗೆಂದು ನಾನೇ ಹಾಕಿಸಿದ್ದ ಒಂದೇ ದೀಪದ ಕೆಳಗೆ ಹತ್ತು ಹನ್ನೆರಡು ಹುಡುಗರು ಕೂತಿದ್ದರು. ಅವರದೂ ತಪ್ಪಲ್ಲ. ಇಡೀ ಶಿಬಿರದಲ್ಲಿ ರಾತ್ರಿ ಕೂರೋಕೆ ಬೆಳಕಿದ್ದದ್ದು ಅಲ್ಲೊಂದೇ ಕಡೆ. ಯಾವ ಹೆಂಗಸು ಅವರ ಮುಂದೆ ಹಾದು ಹೋಗಿ ಆ ಬಾಗಿಲು ತೆಗೆಯುತ್ತಾಳೆ? 50 ಮೀಟರ್ ಅಂತ ಅಳೆದಿದ್ದೆ. ಆ 50 ಮೀಟರಿನಲ್ಲಿ ಯಾರ ಕಣ್ಣಿಗೆ ಬೀಳುತ್ತಾರೆ ಅಂತ ಯೋಚಿಸಿರಲಿಲ್ಲ.

ತೋಡಿದ ಗುಂಡಿ ಎತ್ತಿಡೋಕಾಗಲ್ಲ. ಬಾಗಿಲು ತಿರುಗಿಸಿದೆವು, ಚಿಲಕ ಹಾಕಿಸಿದೆವು, ಬೇರೆ ಬೇರೆ ಕಡೆಗೂ ದೀಪ ಹಾಕಿಸಿದೆವು. ಮುಂದಿನ ಭಾಗದಲ್ಲಿ ಸಾಲು ಬಿಟ್ಟೇಬಿಟ್ಟೆ. 16 ಕುಟುಂಬ, ಅಂದರೆ ಸುಮಾರು 80 ಜನ, ಒಂದು ಅಂಗಳದ ಸುತ್ತ ಎದುರುಬದುರು. ನಾಲ್ಕು ಕುಟುಂಬಕ್ಕೆ ಒಂದು ಟಾಯ್ಲೆಟ್, ಬೀಗದ ಕೈ ಅವರ ಹತ್ತಿರವೇ. ಚೊಕ್ಕವಾಗಿಡಿ ಅಂತ ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಅಂಗಳದಲ್ಲಿ ಮಕ್ಕಳು ಕಣ್ಣಳತೆಯಲ್ಲೇ ಆಡುತ್ತಿದ್ದರು. ಲಾರಿಗೆ ಉದ್ದದ ಪೈಪ್ ಬೇಕಾಯಿತು, ಅಷ್ಟೇ.

ಇದೇನು ಹೊಸದಲ್ಲ. ಜೋರ್ಡಾನಿನ ಝಾತರಿ ಶಿಬಿರ 2012ರಲ್ಲಿ ಶುರುವಾಯಿತು. ಅಲ್ಲಿ ಸಿರಿಯಾದ ಜನ ಸಾಲಾಗಿ ಇಟ್ಟಿದ್ದ ಕ್ಯಾರವಾನ್‌ಗಳನ್ನು, ಅಂದರೆ ಪೆಟ್ಟಿಗೆಯಂಥ ರೆಡಿಮೇಡ್ ಮನೆಗಳನ್ನು, ತಾವೇ ಎಳೆದುಕೊಂಡು ಹೋಗಿ, ನೆಂಟರ ಪಕ್ಕ ಇಟ್ಟು ಅಂಗಳ ಮಾಡಿಕೊಂಡರು. ಮನೆಗೊಂದು ಟಾಯ್ಲೆಟ್ ಕಟ್ಟಿಕೊಂಡರು. ಆ ಫೋಟೊಗಳನ್ನು ನೋಡಿ ನಾನು ಒಂದು ಕಾಲಕ್ಕೆ "ಶಿಸ್ತೇ ಇಲ್ಲ" ಅಂದಿದ್ದೆ.

ಚರಂಡಿ, ಇಳಿಜಾರಿನ ಕತೆ ಇನ್ನೊಂದು ಸಲ ಹೇಳುತ್ತೇನೆ. ಬೆಂಕಿಯದ್ದು ಮಾತ್ರ ಹೇಳಲೇಬೇಕು. ಪ್ರತಿ 300 ಮೀಟರ್ ಡೇರೆಗಳಾದ ಮೇಲೆ 30 ಮೀಟರ್ ಬಯಲು ಬಿಡಬೇಕು, ಬೆಂಕಿ ಹಾರದಂತೆ. ಬಿಟ್ಟಿದ್ದೆ. ಎರಡೇ ತಿಂಗಳಲ್ಲಿ ಅಲ್ಲಿ ಟಾರ್ಪಾಲಿನ ಅಂಗಡಿಗಳು ಎದ್ದವು: ತರಕಾರಿ, ಮೊಬೈಲ್ ಚಾರ್ಜಿಂಗ್, ಕ್ಷೌರ. ಎಬ್ಬಿಸೋಕೆ ಹೋದೆ. ಕ್ಷೌರ ಮಾಡುತ್ತಿದ್ದ ಮುದುಕರು ಕತ್ತರಿ ಕೆಳಗಿಡದೆ, "ಸರಿ, ಎಲ್ಲಿಗೆ ಹೋಗಲಿ ತೋರಿಸು" ಅಂದರು. ನಕ್ಷೆ ಬಿಚ್ಚಿದೆ. ಶಾಲೆ, ಆಸ್ಪತ್ರೆ, ಗೋದಾಮು ಎಲ್ಲ ಇತ್ತು. ಸಂತೆಗೆ ಎಲ್ಲೂ ಜಾಗ ಇರಲಿಲ್ಲ.