ಪಂಚಾಯಿತಿ ಫಲಿತಾಂಶದ ಮೇಲೆ ಕೋರ್ಟಿಗೆ ಹೋಗುವುದಾದರೆ ಮೊದಲು ಅಂತರ ನೋಡಿ

ಸೋತ ದಿನ ರಾತ್ರಿ ಜಗಲಿಯಲ್ಲಿ ಕೂತವರೆಲ್ಲ ವಕೀಲರೇ. "ಹಾಕ್ರೀ ಕೇಸು, ನಾವಿದ್ದೀವಿ" ಎನ್ನುತ್ತಾರೆ. ಅವರಲ್ಲಿ ಎಷ್ಟು ಜನ ಸಾಕ್ಷಿ ಹೇಳಲು ಕೋರ್ಟಿಗೆ ಬರುತ್ತಾರೆ ಅನ್ನೋದು ಬೇರೆ ಮಾತು. ಅದೆಲ್ಲ ಬಿಡಿ. ಒಂದು ಹಾಳೆ ತಗೊಂಡು ಮೇಲೆ ದೊಡ್ಡದಾಗಿ ಸೋಲಿನ ಅಂತರ ಬರೆಯಿರಿ. ಮೂರು ವೋಟೋ, ಹನ್ನೊಂದೋ, ತೊಂಬತ್ತೋ. ಕೇಸು ಹಾಕಬೇಕೋ ಬೇಡವೋ ಅನ್ನೋದು ಹೆಚ್ಚಾಗಿ ಆ ಅಂಕಿ ಮೇಲೇ ನಿಂತಿದೆ.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಲೆನಾಡು ಜಿಲ್ಲೆಗಳಲ್ಲಿ ಮನೆಗಳು ಚದುರಿರುವುದರಿಂದ 2500 ಜನಸಂಖ್ಯೆಗೂ ಪಂಚಾಯಿತಿ ಮಾಡಲು ಕಾಯ್ದೆಯಲ್ಲೇ ಅವಕಾಶವಿದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಸಣ್ಣ ವಾರ್ಡಿನಲ್ಲಿ ಎರಡು ಮನೆಯವರು ಮನಸ್ಸು ಬದಲಿಸಿದರೆ ಫಲಿತಾಂಶವೇ ತಲೆಕೆಳಗು, ಅಲ್ವಾ? ಇಂಥ ಕಡೆ ತಕರಾರು ಹುಟ್ಟುವುದು ಸಹಜ.

ಈಗ ಗಡುವು. 1993ರ ಪಂಚಾಯತ್ ರಾಜ್ ಕಾಯ್ದೆಯ 15ನೇ ಕಲಂ ಪ್ರಕಾರ ಫಲಿತಾಂಶ ಘೋಷಿಸಿದ ದಿನದಿಂದ 30 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. 2020ರ ಚುನಾವಣೆಯ ಎಣಿಕೆ ಡಿಸೆಂಬರ್ 30ಕ್ಕೆ ನಡೆಯಿತು. ಅವತ್ತೇ ಘೋಷಣೆಯಾದವರಿಗೆ ಜನವರಿ 29 ಕೊನೆ. ಅಡಿಕೆ ಕೊಯ್ಲು ಮುಗಿಯಲಿ ಎಂದು ಕೂತರೆ ಮುಗಿಯಿತು. ತಡವಾಯಿತು, ಮನ್ನಿಸಿ ಎಂಬ ಮಾತು ಬೇರೆ ಸಿವಿಲ್ ಕೇಸಿನಲ್ಲಿ ನಡೆದೀತು, ಚುನಾವಣಾ ಅರ್ಜಿಯಲ್ಲಿ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ಅರ್ಜಿ ಹಾಕಬೇಕಾದದ್ದು ನಿಮ್ಮ ಪಂಚಾಯಿತಿ ಯಾವ ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಅಲ್ಲಿ. ಸೋತ ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಅಲ್ಲಿನ ಮತದಾರರೂ ಹಾಕಬಹುದು. ಕಾಯ್ದೆ ಹೇಳಿದ ಠೇವಣಿಯನ್ನು ಅರ್ಜಿಯ ಜೊತೆಗೇ ಕಟ್ಟಿ. ಗೆದ್ದವರನ್ನಷ್ಟೇ ಅಲ್ಲ, ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳನ್ನೂ ಪ್ರತಿವಾದಿ ಮಾಡಿಸಿ.

ತಹಶೀಲ್ದಾರರಿಗೆ ಮನವಿ, ಡಿಸಿ ಕಚೇರಿ ಎದುರು ಧರಣಿ, ಪತ್ರಿಕಾಗೋಷ್ಠಿ, ಏನು ಬೇಕಾದರೂ ಮಾಡಿ. ಆದರೆ ಇವ್ಯಾವುದರಿಂದಲೂ ಫಲಿತಾಂಶ ಬದಲಾಗುವುದಿಲ್ಲ. ಸಂವಿಧಾನದ 243-ಒ ವಿಧಿ ಪಂಚಾಯಿತಿ ಚುನಾವಣೆಯನ್ನು ತಕರಾರು ಅರ್ಜಿ ಬಿಟ್ಟು ಬೇರೆ ದಾರಿಯಲ್ಲಿ ಪ್ರಶ್ನಿಸಬಾರದು ಎನ್ನುತ್ತದೆ. ನೇರ ಹೈಕೋರ್ಟಿಗೆ ಓಡಿದರೂ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ 30 ದಿನ ಕರಗಿರುತ್ತದೆ.

ಇನ್ನು ಆ ಅಂತರದ ವಿಷಯ. ಅಕ್ರಮ ನಡೆದಿದೆ ಎಂದರೆ ಸಾಲದು. ಗೆದ್ದವರೇ ಅಥವಾ ಅವರ ಏಜೆಂಟರೇ ಲಂಚ, ಬೆದರಿಕೆಯಂಥ ಭ್ರಷ್ಟ ನಡೆ ಮಾಡಿದ್ದು ಸಾಬೀತಾದರೆ ಅದೊಂದೇ ಸಾಕು. ಉಳಿದ ತಪ್ಪುಗಳಿಗೆ, ಅಂದರೆ ಸತ್ತವರ ಹೆಸರಲ್ಲಿ ವೋಟು, ಎರಡು ಕಡೆ ಹೆಸರಿದ್ದವರ ವೋಟು, ತಪ್ಪಾಗಿ ಅಸಿಂಧು ಮಾಡಿದ ವೋಟು, ಇವುಗಳಿಗೆ ಫಲಿತಾಂಶವೇ ಬದಲಾಗುವಷ್ಟು ಪರಿಣಾಮ ಆಗಿದೆ ಎಂದು ತೋರಿಸಬೇಕು. ಅಂತರ ಮೂರಿದ್ದು ನಿಮ್ಮ ಹತ್ತಿರ ಹೆಸರು, ಕ್ರಮಸಂಖ್ಯೆ ಸಮೇತ ಐದು ಕಳ್ಳ ವೋಟಿನ ದಾಖಲೆ ಇದೆ ಎಂದರೆ ವಕೀಲರು ಕನ್ನಡಕ ಹಾಕಿಕೊಂಡು ಕೂರುತ್ತಾರೆ. ಅಂತರ ತೊಂಬತ್ತಿದ್ದು ಅದೇ ಐದು ವೋಟು ಎಂದರೆ ನನ್ನ ಮಟ್ಟಿಗೆ ಕೇಸು ಬೇಡ.

ಮತಪತ್ರದ ತಕರಾರು ಎಣಿಕೆ ಮೇಜಿನಲ್ಲೇ ಶುರುವಾಗಬೇಕು. 2020ರಲ್ಲಿ ಬೀದರ್ ಬಿಟ್ಟು ಉಳಿದ ಕಡೆ ಮತಪತ್ರದಲ್ಲೇ ಮತದಾನವಾಯಿತು. ಹಾಗಾಗಿ ಏಜೆಂಟ್ ಆಗಿ ಕೂರಿಸುವ ಹುಡುಗನಿಗೆ ಇದನ್ನು ಹೇಳಿಕೊಡಿ: ಚೀಟಿ ಮಡಚಿದಾಗ ಹಸಿ ಶಾಯಿ ಇನ್ನೊಂದು ಖಾನೆಗೆ ಅಂಟುತ್ತದೆ. ಹಾಗೆ ಅಂಟಿದ ಬಾಣದ ಮುದ್ರೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ, ಬಣ್ಣವೂ ಮಸುಕು. ಅದನ್ನು ಎರಡು ಮುದ್ರೆ ಎಂದು ಅಸಿಂಧು ರಾಶಿಗೆ ಹಾಕಿದರೆ ಅದು ಗಟ್ಟಿ ತಕರಾರು. ಕೂಗಾಡಿದರೆ ಹೊರಗೆ ಕಳಿಸುತ್ತಾರೆ. ಮೇಜಿನ ಸಂಖ್ಯೆ, ಎಷ್ಟು ಚೀಟಿ, ಏನು ಕಾರಣ ಎಂದು ಬರೆದು, ಫಲಿತಾಂಶ ಘೋಷಿಸುವ ಮೊದಲೇ ಚುನಾವಣಾಧಿಕಾರಿಗೆ ಮರುಎಣಿಕೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಬೇಕು. ಮತದ ಗೌಪ್ಯತೆ ದೊಡ್ಡದು, ಸುಮ್ನೆ ಅನುಮಾನದ ಮೇಲೆ ಕೋರ್ಟು ಪೆಟ್ಟಿಗೆ ತೆರೆಸುವುದಿಲ್ಲ. ಆ ಒಂದು ಸಹಿ ಇದ್ದರೆ ನಿಮ್ಮ ಮಾತು ಆಮೇಲೆ ಹುಟ್ಟಿಸಿದ ಕಥೆಯಲ್ಲ ಎಂದಾಗುತ್ತದೆ.

ದುಡ್ಡು ಹಂಚಿದ ಆರೋಪ ಹೇಳಲು ಸುಲಭ, ಸಾಬೀತು ಮಾಡಲು ಕಷ್ಟ. ಭ್ರಷ್ಟ ನಡೆಯ ಆರೋಪಕ್ಕೆ ಕೋರ್ಟು ಕ್ರಿಮಿನಲ್ ಕೇಸಿನಷ್ಟೇ ಬಿಗಿ ಸಾಕ್ಷ್ಯ ಕೇಳುತ್ತದೆ. ಯಾರು, ಯಾರಿಗೆ, ಯಾವ ದಿನ, ಎಲ್ಲಿ, ಎಷ್ಟು, ಎಲ್ಲವೂ ಅರ್ಜಿಯಲ್ಲೇ ಇರಬೇಕು. "ಊರಿಗೆಲ್ಲ ಕುಕ್ಕರ್ ಹಂಚಿದರು" ಎಂಬ ಸಾಲಿಗೆ ಅಲ್ಲಿ ಬೆಲೆ ಇಲ್ಲ. ನಿಮ್ಮ ಕಡೆಯವರದ್ದೇ ನಾಲ್ಕು ಸಾಕ್ಷಿಗಿಂತ ಎರಡೂ ಕಡೆ ಸೇರದ ಒಬ್ಬರು ಮೇಲು.

ನಮ್ಮ ಕಡೆ ಇನ್ನೊಂದಿದೆ. ನೋಟಿನ ಜೊತೆ ದೇವರ ಪ್ರಸಾದ ಇಟ್ಟು ಆಣೆ ಮಾಡಿಸುವುದು. ಜನ ಇದನ್ನು ತಪ್ಪು ಎಂದೇ ಎಣಿಸುವುದಿಲ್ಲ. ಆದರೆ ವೋಟು ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ಹೆದರಿಸುವುದನ್ನು 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಅನುಚಿತ ಪ್ರಭಾವ ಎಂದೇ ಕರೆಯುತ್ತದೆ. ಆಣೆ ಮಾಡಿದವರು ಕೋರ್ಟಿನಲ್ಲಿ ಬಾಯಿ ಬಿಡುತ್ತಾರಾ? ಅದು ಬೇರೆ ಕಷ್ಟ. ಆದರೂ ವಕೀಲರಿಗೆ ಹೇಳದೆ ಬಿಡಬೇಡಿ.

ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ವಿಡಿಯೋ ನೆಚ್ಚಿಕೊಳ್ಳಬೇಡಿ. ತೆಗೆದವರು ಯಾರು, ಫೋನ್ ಎಲ್ಲಿದೆ, ಪತ್ತೆ ಮಾಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಕೇಳುವ ಪ್ರಮಾಣಪತ್ರ ಜೊತೆಗೆ ಬೇಕು.

ಇಷ್ಟೆಲ್ಲ ಮಾಡಿ ಗೆದ್ದವರಿದ್ದಾರಾ? ಇದ್ದಾರೆ. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ ಸರಪಂಚ್ (ಪಂಚಾಯಿತಿ ಮುಖ್ಯಸ್ಥ) ಚುನಾವಣೆ 2022ರ ನವೆಂಬರಿನಲ್ಲಿ ನಡೆದಿತ್ತು. ಕೊನೆಗೆ 2025ರಲ್ಲಿ ಸುಪ್ರೀಂ ಕೋರ್ಟು ಮತಯಂತ್ರಗಳನ್ನು ತರಿಸಿ ತನ್ನ ಆವರಣದಲ್ಲೇ ಎಣಿಸಿತು. ಸೋತಿದ್ದವರಿಗೆ 1051, ಗೆದ್ದಿದ್ದವರಿಗೆ 1000 ವೋಟು ಬಂದು ಫಲಿತಾಂಶ ತಿರುಗಿತು. ಆದರೆ ಐದು ವರ್ಷದ ಅಧಿಕಾರದಲ್ಲಿ ಮೂರು ವರ್ಷದ ಹತ್ತಿರ ಆಗಲೇ ಕಳೆದಿತ್ತು.

ಹಾಗಾಗಿ ಮೊದಲ ವಾಯಿದೆಯಲ್ಲೇ ಮತಪತ್ರದ ಪೆಟ್ಟಿಗೆ, ದಾಖಲೆಗಳನ್ನು ನಾಶ ಮಾಡದೆ ಇಡಲು ಆದೇಶ ಕೇಳಿ. ಅರ್ಜಿ ಹಾಕಿದ ಮಾತ್ರಕ್ಕೆ ಗೆದ್ದವರು ಕುರ್ಚಿ ಬಿಡುವುದಿಲ್ಲ. ಅಧ್ಯಕ್ಷರ ಆಯ್ಕೆಯಲ್ಲೂ ವೋಟು ಹಾಕುತ್ತಾರೆ, ನೀವು ಎದುರಿಗೆ ಸಿಕ್ಕರೆ ನಮಸ್ಕಾರವನ್ನೂ ಹೇಳುತ್ತಾರೆ. ಪಟ್ಟಣ ಪಂಚಾಯಿತಿ, ಪುರಸಭೆ, ಶಿವಮೊಗ್ಗ ಪಾಲಿಕೆಯ ಕಾಯ್ದೆಗಳೇ ಬೇರೆ. ಅಲ್ಲಿನವರು ಈ 30 ದಿನದ ಲೆಕ್ಕ ನಂಬದೆ, ಫಲಿತಾಂಶ ಬಂದ ಮರುದಿನವೇ ವಕೀಲರ ಹತ್ತಿರ ಹೋಗಿ.