ಬೂದಿ ಮುಚ್ಚಿದ ಕೆಂಡಕ್ಕೊಂದು ಲೆಕ್ಕದ ಪುಸ್ತಕ

2020ರ ಒಂದು ಮಾಮೂಲು ರಕ್ತಪರೀಕ್ಷೆಯಲ್ಲಿ ನನ್ನ ಒಟ್ಟು ಪ್ರೋಟೀನ್ 8.8 ಎಂದೂ ಅಲ್ಬುಮಿನ್ 4.1 ಎಂದೂ ಬರೆದಿತ್ತು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು 4.7, ಅದು ಗ್ಲೋಬ್ಯುಲಿನ್, ಪ್ರತಿಕಾಯಗಳೂ ಸೇರುವ ಪ್ರೋಟೀನ್ ಗುಂಪು. ಇರಬೇಕಾದದ್ದಕ್ಕಿಂತ ಒಂದಕ್ಕೂ ಹೆಚ್ಚು. ಮೂವತ್ತು ವರ್ಷ ಇತರರ ಲೆಕ್ಕಪತ್ರ ತಿದ್ದಿದವಳು ನಾನು. ತಾಳೆಯಾಗದ ಮೊತ್ತ ಕಂಡರೆ ಬಿಡುವ ಸ್ವಭಾವವಲ್ಲ. ಆದರೆ ಆ ದಿನ ನಾನು ಅದನ್ನು ಗಮನಿಸಲೇ ಇಲ್ಲ. ಗಮನಿಸಿದವರು ವೈದ್ಯೆ. ಅವರು ಇನ್ನೊಂದಿಷ್ಟು ರಕ್ತ ತೆಗೆಸಿದರು, ಆಮೇಲೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆಸಿದರು, ಎಮ್‌ಆರ್‌ಐ ಮಾಡಿಸಿದರು. ಕೊನೆಗೆ ಹೇಳಿದ್ದು ಸ್ಮೋಲ್ಡರಿಂಗ್ ಮೈಲೋಮಾ. ಮೈಲೋಮಾ ಎಂದರೆ ಮಜ್ಜೆಯಲ್ಲಿ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ನನ್ನದು ಅದು ಇನ್ನೂ ದೇಹಕ್ಕೆ ಹಾನಿ ಮಾಡದ ಹಂತ.

ಹೆಸರಿನ ಅರ್ಥ ಕೇಳಿದೆ. ಅವರು ವಿವರಿಸುತ್ತಿದ್ದಂತೆ ನನ್ನ ಬಾಯಿಂದ ಬಂದದ್ದು, "ಅಂದರೆ ಬೂದಿ ಮುಚ್ಚಿದ ಕೆಂಡ." ಅವರು ನಕ್ಕು, "ಹೌದು, ಆದರೆ ಕೆಲವು ಕೆಂಡ ಹಾಗೆಯೇ ತಣ್ಣಗಾಗುತ್ತವೆ" ಎಂದರು. 1980ರಲ್ಲಿ ರಾಬರ್ಟ್ ಕೈಲ್ ಮತ್ತು ಫಿಲಿಪ್ ಗ್ರೈಪ್ ಎಂಬ ವೈದ್ಯರು ಆರು ಜನ ರೋಗಿಗಳನ್ನು ವಿವರಿಸಿ ಈ ಹೆಸರು ಕೊಟ್ಟರಂತೆ. ಆ ಆರೂ ಜನ ಪರೀಕ್ಷೆಗಳಲ್ಲಿ ಮೈಲೋಮಾದ ಗುರುತುಗಳಿದ್ದೂ ಔಷಧವಿಲ್ಲದೆ ವರ್ಷಗಟ್ಟಲೆ ಚೆನ್ನಾಗಿದ್ದವರು. ಆ ಮಾತು ನನಗೆ ತುಂಬಾ ದಿನ ಆಸರೆಯಾಗಿತ್ತು.

ಆಗಿನ ನನ್ನ ಲೆಕ್ಕ ಹೀಗಿತ್ತು: ರಕ್ತದಲ್ಲಿ ಎಮ್ ಪ್ರೋಟೀನ್ (ಕಾಯಿಲೆಯ ಕೋಶಗಳು ತಯಾರಿಸುವ ಒಂದೇ ಬಗೆಯ ಪ್ರತಿಕಾಯ) ಡೆಸಿಲೀಟರಿಗೆ 1.7 ಗ್ರಾಂ, ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳು ಶೇ. 15, ಕಪ್ಪಾ ಲೈಟ್ ಚೈನ್ 192, ಲ್ಯಾಮ್ಡಾ 8. ಲೈಟ್ ಚೈನ್ ಎಂದರೆ ಪ್ರತಿಕಾಯಗಳ ಬಿಡಿ ತುಣುಕು. ಅವು ಕಪ್ಪಾ, ಲ್ಯಾಮ್ಡಾ ಎಂದು ಎರಡು ಬಗೆ. ಒಂದೇ ಕೋಶದ ಸಂತತಿ ಬೆಳೆಯತೊಡಗಿದರೆ ಒಂದು ಬಗೆ ಮಾತ್ರ ಏರುತ್ತದೆ. ನನ್ನ ಅನುಪಾತ 24. ವೈದ್ಯೆ ಒಂದು ಚೀಟಿಯಲ್ಲಿ 20-2-20 ಎಂದು ಬರೆದು ಕೊಟ್ಟರು. ಮಜ್ಜೆಯಲ್ಲಿ ಶೇ. 20ಕ್ಕಿಂತ ಹೆಚ್ಚು, ಎಮ್ ಪ್ರೋಟೀನ್ 2ಕ್ಕಿಂತ ಹೆಚ್ಚು, ಅನುಪಾತ 20ಕ್ಕಿಂತ ಹೆಚ್ಚು: ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಕಡಿಮೆ ಅಪಾಯ, ಒಂದಿದ್ದರೆ ಮಧ್ಯಮ, ಎರಡೋ ಮೂರೋ ಇದ್ದರೆ ಹೆಚ್ಚು. ನನ್ನದು ಒಂದು.

"ಹಾಗಾದರೆ ಈಗ ಏನು ಮಾಡಬೇಕು?"

"ಏನೂ ಮಾಡಬೇಡಿ. ಮೂರು ತಿಂಗಳಿಗೊಮ್ಮೆ ಬನ್ನಿ."

ಕ್ಯಾನ್ಸರಿನ ಸಾಲಿಗೆ ಸೇರುವ ಕಾಯಿಲೆ ಇದೆ ಎಂದು ಹೇಳಿ ಏನೂ ಮಾಡಬೇಡಿ ಎನ್ನುವುದು ಎಂಥ ಮಾತು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬಂತು. ಯಜಮಾನರು ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ಮಗಳು ಮಾತ್ರ, "ಅಮ್ಮ, ನೀನು ಸುಮ್ಮನೆ ಕೂರುವವಳಲ್ಲ, ಒಂದು ಪುಸ್ತಕ ಇಟ್ಟುಕೋ" ಎಂದಳು. ಹಳೆಯ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದು ಕಾಲಂ ಎಳೆದೆ: ದಿನಾಂಕ, ಪ್ರಯೋಗಾಲಯ, ಎಮ್ ಪ್ರೋಟೀನ್, ಕಪ್ಪಾ, ಲ್ಯಾಮ್ಡಾ, ಅನುಪಾತ, ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ಹೇಳುವುದು), ಮೂತ್ರದ ಪ್ರೋಟೀನ್. ಕೊನೆಯದಕ್ಕೆ "ಆ ವಾರ ಹೇಗಿದ್ದೆ" ಎಂದು ಹೆಸರಿಟ್ಟೆ. ಉಳಿದೆಲ್ಲ ಕಾಲಂಗಳನ್ನು ಓದಲು ಕಲಿಸಿದ್ದೇ ಆ ಕೊನೆಯದು.

ಎರಡನೆಯ ವರ್ಷ ಅನುಪಾತ ಒಮ್ಮೆಲೇ 27ರಿಂದ 46ಕ್ಕೆ ಹಾರಿತು. ಮೂರು ರಾತ್ರಿ ನಿದ್ದೆ ಇಲ್ಲ. ಎರಡನೆಯ ಕಾಲಂ ನೋಡಿದಾಗ ಗೊತ್ತಾಯಿತು, ಆ ಸಲ ರಕ್ತ ಕೊಟ್ಟದ್ದು ಬೇರೆ ಪ್ರಯೋಗಾಲಯದಲ್ಲಿ. ಲೈಟ್ ಚೈನ್ ಅಳೆಯುವ ಕಿಟ್‌ಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಳೆಯ ಕಡೆಗೇ ಹೋಗಿ ಮತ್ತೆ ಮಾಡಿಸಿದರೆ 28. ಅಂದಿನಿಂದ ಪ್ರಯೋಗಾಲಯ ಬದಲಿಸಿಲ್ಲ. ಅದೇ ವರ್ಷ ಹಿಮೋಗ್ಲೋಬಿನ್ 13.1ರಿಂದ 11.4ಕ್ಕೆ ಇಳಿಯಿತು. ಇದೇ ಶುರುವಾಯಿತು ಎಂದು ನಾನು ಮಗಳಿಗೆ ಬ್ಯಾಂಕಿನ ಕಾಗದಪತ್ರ ಎಲ್ಲಿದೆ ಎಂದು ತೋರಿಸಿಯೂ ಆಗಿತ್ತು. ಫೆರಿಟಿನ್ ನೋಡಿದರೆ ಪಾತಾಳದಲ್ಲಿ. ಬರೀ ಕಬ್ಬಿಣದ ಕೊರತೆ. ನಾಲ್ಕು ತಿಂಗಳು ಮಾತ್ರೆ ನುಂಗಿದ ಮೇಲೆ 13ಕ್ಕೆ ಬಂತು. ಮೈಲೋಮಾ ಇರುವವರಿಗೆ ಬೇರೆ ಕಾಯಿಲೆಗಳು ಬರುವುದನ್ನು ಯಾರೂ ನಿಲ್ಲಿಸಿಲ್ಲ ಎಂಬುದು ಮರೆತುಹೋಗಿತ್ತು. ಬೆನ್ನು ನೋವಿನ ಕಥೆಯೂ ಹೀಗೆಯೇ, ಎಮ್‌ಆರ್‌ಐಯಲ್ಲಿ ಏನೂ ಇರಲಿಲ್ಲ. ಅದರಿಂದ ಕಲಿತದ್ದು ಒಂದೇ: ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ನನ್ನಂಥವರು ಕೈಗೆ ಸಿಕ್ಕಂತೆ ನುಂಗಬಾರದು, ಮೂತ್ರಪಿಂಡಕ್ಕೆ ಮೊದಲೇ ಲೈಟ್ ಚೈನ್‌ಗಳ ಹೊರೆ ಇದೆ.

ಈ ಸುಳ್ಳು ಗಾಬರಿಗಳಾದ ಮೇಲೆ, ಎಲ್ಲವೂ ಶಾಂತವಾಗಿದ್ದ ಒಂದು ಭೇಟಿಯಲ್ಲಿ, ವೈದ್ಯೆಯ ಎದುರು ಪುಸ್ತಕದ ಹಿಂಬದಿಯ ಪುಟ ತೆರೆದೆ. "ಯಾವುದಾದರೆ ಚಿಕಿತ್ಸೆ ಶುರು ಎಂದು ಇವತ್ತೇ ಬರೆದಿಡೋಣ. ಆ ದಿನ ಬಂದಾಗ ನನ್ನ ತಲೆ ನನ್ನ ಕೈಯಲ್ಲಿ ಇರುವುದಿಲ್ಲ" ಎಂದೆ. ಅವರಿಗೆ ಇದು ಇಷ್ಟವಾಯಿತು. ಅರ್ಧ ಗಂಟೆ ಕೂತು ಬರೆದೆವು.

ಮೊದಲ ಗುಂಪಿನಲ್ಲಿ ಚರ್ಚೆಯೇ ಇಲ್ಲ. ಕ್ಯಾಲ್ಸಿಯಂ ಏರಿದರೆ, ಮೂತ್ರಪಿಂಡ ಸೋತರೆ, ಬೇರೆ ಕಾರಣವಿಲ್ಲದೆ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿದರೆ, ಮೂಳೆಯಲ್ಲಿ ತೂತು ಕಂಡರೆ ಅದು ಸ್ಮೋಲ್ಡರಿಂಗ್ ಅಲ್ಲ, ಮೈಲೋಮಾವೇ. (ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಕ್ರ್ಯಾಬ್, ಅಂದರೆ ಏಡಿ ಆಗುತ್ತದೆ. ಇಂಥ ಜಾಣತನಕ್ಕೆ ವೈದ್ಯರಿಗೆ ಯಾವಾಗಲೂ ಸಮಯವಿರುತ್ತದೆ.) 2014ರಿಂದ ಇನ್ನೂ ಮೂರು ಸೇರಿವೆ: ಮಜ್ಜೆಯಲ್ಲಿ ಶೇ. 60 ಅಥವಾ ಹೆಚ್ಚು, ಲೈಟ್ ಚೈನ್ ಅನುಪಾತ 100 ಅಥವಾ ಹೆಚ್ಚು, ಎಮ್‌ಆರ್‌ಐಯಲ್ಲಿ ಒಂದಕ್ಕಿಂತ ಹೆಚ್ಚು ಗಾಯದ ಗುರುತು. ಇವು ಬಂದರೆ ದೇಹ ಹಾಳಾಗುವವರೆಗೆ ಕಾಯುವಂತಿಲ್ಲ.

ಎರಡನೆಯ ಗುಂಪಿಗಾಗಿಯೇ ಅಷ್ಟು ಹೊತ್ತು ಕೂತದ್ದು. ಆರು ತಿಂಗಳಲ್ಲಿ ಎಮ್ ಪ್ರೋಟೀನ್ ಶೇ. 10ರಷ್ಟು ಏರಿದರೆ, ಮುಂದಿನ ಆರು ತಿಂಗಳಲ್ಲೂ ಹಾಗೆಯೇ ಆದರೆ, ಮಜ್ಜೆ ಮತ್ತೆ ನೋಡುವುದು. ಆಗ 20-2-20ರಲ್ಲಿ ಎರಡು ದಾಟಿದ್ದರೆ ಚಿಕಿತ್ಸೆಯ ಮಾತು ಎತ್ತುವುದು. ಮಾತು ಎತ್ತುವುದು ಅಷ್ಟೇ, ಶುರು ಮಾಡುವುದು ಎಂದು ಬರೆಯಲು ನಾನು ಬಿಡಲಿಲ್ಲ.

2024ರ ಫೆಬ್ರವರಿಯಲ್ಲಿ ಎಮ್ ಪ್ರೋಟೀನ್ 2.2, ಆಗಸ್ಟ್‌ನಲ್ಲಿ 2.5, 2025ರ ಫೆಬ್ರವರಿಯಲ್ಲಿ 2.8. ಮಜ್ಜೆ ಶೇ. 28. ಕಪ್ಪಾ 522, ಲ್ಯಾಮ್ಡಾ 9, ಅನುಪಾತ 58. ಮೂರಕ್ಕೆ ಮೂರೂ ದಾಟಿದ್ದವು. ಹಾಗಿದ್ದೂ ನಾನು ಬೆಳಿಗ್ಗೆ ಐದು ಕಿಲೋಮೀಟರ್ ನಡೆಯುತ್ತಿದ್ದೆ, ಕೊನೆಯ ಕಾಲಂನಲ್ಲಿ "ಚೆನ್ನಾಗಿದ್ದೆ" ಎಂದೇ ಬರೆಯುತ್ತಿದ್ದೆ.

ನನ್ನ ವೈದ್ಯೆ ಡಾರಾಟುಮುಮಾಬ್ ಶುರು ಮಾಡೋಣ ಎಂದರು. ಅದು ಕಾಯಿಲೆಯ ಪ್ಲಾಸ್ಮಾ ಕೋಶಗಳಿಗೆ ಅಂಟಿ ಅವನ್ನು ಕೊಲ್ಲುವ ಪ್ರತಿಕಾಯ ಔಷಧ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಕ್ವಿಲಾ ಎಂಬ ಅಧ್ಯಯನವನ್ನು ಮುಂದಿಟ್ಟರು. 390 ಜನ, ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನಿಗಾ ಮಾತ್ರ. ಐದು ವರ್ಷಕ್ಕೆ ಕಾಯಿಲೆ ಉಲ್ಬಣಿಸದೆ ಉಳಿದವರು ಔಷಧದ ಗುಂಪಿನಲ್ಲಿ ಶೇ. 63.1, ನಿಗಾದ ಗುಂಪಿನಲ್ಲಿ ಶೇ. 40.8. ಬದುಕುಳಿದವರು ಶೇ. 93 ಮತ್ತು ಶೇ. 86.9. ಇದನ್ನು ನೋಡಿಯೇ 2025ರಲ್ಲಿ ಯುರೋಪ್ ಮತ್ತು ಅಮೆರಿಕದ ನಿಯಂತ್ರಕರು ಹೆಚ್ಚು ಅಪಾಯದ ಸ್ಮೋಲ್ಡರಿಂಗ್ ಮೈಲೋಮಾಕ್ಕೆ ಈ ಔಷಧವನ್ನು ಒಪ್ಪಿದರು. ಲೆನಾಲಿಡೊಮೈಡ್ ಮಾತ್ರೆಯ ದಾರಿಯೂ ಇತ್ತು. ಸ್ಪೇನಿನ ಅಧ್ಯಯನ 2013ರಲ್ಲೇ ಅದರ ಲಾಭ ತೋರಿಸಿತ್ತು. ಆದರೆ ಅದು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ನನಗೆ ಹಿಂದೊಮ್ಮೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆವು.

ಇನ್ನೊಬ್ಬರ ಅಭಿಪ್ರಾಯ ಕೇಳಲು ಹೋದೆ. ಆ ವೈದ್ಯರು ಅದೇ ಕಾಗದವನ್ನು ತಿರುಗಿಸಿ ಓದಿದರು. "ನಿಗಾದ ಗುಂಪಿನ 40.8 ನೋಡಿ. ಒಂದು ತೊಟ್ಟು ಔಷಧವಿಲ್ಲದೆ ಐದು ವರ್ಷ ಏನೂ ಆಗದವರು ನೂರಕ್ಕೆ ನಲವತ್ತು. ಅವರಿಗೆ ಮೂರು ವರ್ಷ ಸೂಜಿ ಚುಚ್ಚಿದ್ದರೆ ಯಾವ ಲಾಭಕ್ಕೆ? ನೀವು ಅವರಲ್ಲಿ ಒಬ್ಬರಲ್ಲ ಎಂದು ಹೇಗೆ ಹೇಳುವುದು?" ಮನೆಗೆ ಬಂದು ಯಜಮಾನರಿಗೆ ಹೇಳಿದೆ, ಇಬ್ಬರೂ ಸರಿ, ಇಬ್ಬರೂ ನನ್ನ ಪುಸ್ತಕ ಓದಿಲ್ಲ.

ಏಕೆಂದರೆ ಆ ಅಧ್ಯಯನದ ಎಲ್ಲರೂ 20-2-20ರ ಅಳತೆಯಲ್ಲಿ ಹೆಚ್ಚು ಅಪಾಯದವರಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಅದರ ಕೆಳಗಿನವರು. ನೂರಕ್ಕೆ ನಲವತ್ತು ಎಂಬ ಸಮಾಧಾನದಲ್ಲಿ ಅವರ ಪಾಲೂ ಇದೆ. ಮೂರನ್ನೂ ದಾಟಿ, ವರ್ಷವಿಡೀ ಏರುತ್ತಲೇ ಬಂದವಳು ಆ ಸರಾಸರಿಯ ನೆರಳಿನಲ್ಲಿ ನಿಲ್ಲುವುದು ಕಳ್ಳಲೆಕ್ಕ. ಇದು ನನಗೆ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ. ಬೆಳಿಗ್ಗೆ ಎದ್ದಾಗ ಮತ್ತೆ ಧೈರ್ಯ ಸಾಲಲಿಲ್ಲ. ಮೂರು ತಿಂಗಳು ಕೊಡಿ, ತಿಂಗಳಿಗೊಮ್ಮೆ ರಕ್ತ ಕೊಡುತ್ತೇನೆ ಎಂದು ವೈದ್ಯೆಯನ್ನು ಕೇಳಿಕೊಂಡೆ.

ಕಪ್ಪಾ 540. ಆಮೇಲೆ 568. ಆಮೇಲೆ 612, ಅನುಪಾತ 68. ಕ್ರಿಯಾಟಿನಿನ್ 0.8ರಿಂದ ಅಲುಗಿರಲಿಲ್ಲ. ಆದರೆ ಮೂರನೆಯ ತಿಂಗಳು 24 ಗಂಟೆಯ ಮೂತ್ರದಲ್ಲಿ ಅದುವರೆಗೆ ಇಲ್ಲದ ಕಪ್ಪಾ ಗೆರೆ ಕಾಣಿಸಿತು, ಅಂದರೆ ಕಪ್ಪಾ ಲೈಟ್ ಚೈನ್ ಮೂತ್ರಕ್ಕೆ ಸೋರುತ್ತಿರುವ ಗುರುತು. ಸಣ್ಣದು, ದಿನಕ್ಕೆ 140 ಮಿಲಿಗ್ರಾಂ. ಹಿಂಬದಿಯ ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ, ನಾವು ಯೋಚಿಸಿಯೇ ಇರಲಿಲ್ಲ. ಆದರೂ ತೀರ್ಮಾನ ಮಾಡಿಸಿದ್ದು ಅದೇ. ನನ್ನ ಕೆಂಡ ಯಾವ ದಿಕ್ಕಿಗೆ ಹೊಗೆ ಬಿಡುತ್ತಿದೆ ಎಂದು ಗೊತ್ತಾಗಿತ್ತು. ರಕ್ತ ಕಡಿಮೆಯಾದರೆ ತುಂಬಿಸಬಹುದು, ಸೋತ ಮೂತ್ರಪಿಂಡ ಪೂರ್ತಿ ಮರಳುತ್ತದೆಂಬ ಭರವಸೆ ಇಲ್ಲ. ಅವತ್ತೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಶುರುವಾಗುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದರು, ಲಸಿಕೆಗಳನ್ನು ಮುಗಿಸಿದರು. ರಕ್ತದ ಗುಂಪನ್ನು ವಿವರವಾಗಿ ಪರೀಕ್ಷಿಸಿ ಒಂದು ಕಾರ್ಡ್ ಕೊಟ್ಟರು. ಈ ಔಷಧ ಒಳಗಿದ್ದರೆ ರಕ್ತ ಹೊಂದಿಸುವ ಪರೀಕ್ಷೆಯೇ ಗೊಂದಲಕ್ಕೀಡಾಗುತ್ತದೆ, ಹಾಗಾಗಿ ಅದು ಸದಾ ಪರ್ಸಿನಲ್ಲಿರಬೇಕು. ಸೂಜಿ ಹೊಟ್ಟೆಯ ಚರ್ಮದಡಿ, 15 ಮಿಲಿಲೀಟರ್, ಮೂರರಿಂದ ಐದು ನಿಮಿಷ. ಮೊದಲ ದಿನ ಸ್ವಲ್ಪ ನಡುಕ, ಗಂಟಲು ಕೆರೆತ, ಅಷ್ಟೇ. ವಾರಕ್ಕೊಂದರಂತೆ ಎಂಟು, ಆಮೇಲೆ ಎರಡು ವಾರಕ್ಕೊಂದು ಹದಿನಾರು ವಾರ, ಅನಂತರ ತಿಂಗಳಿಗೊಂದು, ಒಟ್ಟು ಮೂರು ವರ್ಷ ಮೀರುವಂತಿಲ್ಲ. ಸೋಂಕು ತಗುಲುವುದು ಸುಲಭವಾಗಿದೆ. ಆರನೆಯ ವಾರ ಹಿಡಿದ ಕೆಮ್ಮು ಹದಿನೆಂಟು ದಿನ ಬಿಡಲಿಲ್ಲ, ಬೆಳಗಿನ ನಡಿಗೆ ಎರಡು ಕಿಲೋಮೀಟರಿಗೆ ಇಳಿಯಿತು. ಆಗ ಆ ಎರಡನೆಯ ವೈದ್ಯರ ಮಾತು ನೆನಪಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪುಸ್ತಕದಲ್ಲಿ ಈಗ ಒಂದು ಕಾಲಂ ಹೆಚ್ಚಾಗಿದೆ, ಕೆಂಪು ಶಾಯಿಯದು. ಎಮ್ ಪ್ರೋಟೀನ್ 1.1ಕ್ಕೆ ಇಳಿದಿದೆ, ಕಪ್ಪಾ 130, ಮೂತ್ರದ ಗೆರೆ ಮಾಯವಾಗಿದೆ. ಡಾರಾಟುಮುಮಾಬ್ ಕೂಡ ನನ್ನ ಎಮ್ ಪ್ರೋಟೀನಿನ ಜಾತಿಯದೇ, ಐಜಿಜಿ ಕಪ್ಪಾ ಎಂಬ ಬಗೆಯ ಪ್ರತಿಕಾಯ. ಆದ್ದರಿಂದ ಮುಂದೆ ಕಾಯಿಲೆಯ ಗೆರೆ ಅಳಿದರೂ ಔಷಧದ ಸಣ್ಣ ಗೆರೆಯೊಂದು ವರದಿಯಲ್ಲಿ ಕಾಣಿಸಬಹುದು ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದಾರೆ. ಆ ಕೆಂಪು ಕಾಲಂ ಎಳೆದಿರುವುದು ಅದಕ್ಕೇ.