ದಂಡ ಕಟ್ಟಿದ ಮೇಲೂ ಲೈಸೆನ್ಸ್ ಅಮಾನತಾಗಬಹುದೇ?

ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಕೆಂಪು ದೀಪ ದಾಟಿ ಸಿಕ್ಕಿಬಿದ್ದವರು, ಗದಗಿನ ಮುಳಗುಂದ ನಾಕಾದಲ್ಲಿ ಹೆಲ್ಮೆಟ್ ಇಲ್ಲದೆ ನಿಲ್ಲಿಸಿಕೊಂಡವರು, ದಂಡ ಕಟ್ಟಿ ರಸೀದಿ ಪಡೆದ ಕೂಡಲೇ ಪ್ರಕರಣ ಮುಗಿಯಿತೆಂದು ನಂಬುತ್ತಾರೆ. ಈ ನಂಬಿಕೆ ಎಲ್ಲ ಅಪರಾಧಗಳಿಗೂ ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಸ್ಥಳದಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ 2019ರ ತಿದ್ದುಪಡಿಯ ನಂತರ ಅದೇ ಕಲಂ, ಹೀಗೆ ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ಮೇಲಿನ ಕ್ರಮದಿಂದ ಬಿಡುಗಡೆ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ದಂಡ ಒಂದು ಕಡತ, ಲೈಸೆನ್ಸ್ ಮತ್ತೊಂದು ಕಡತ. ಎರಡನೆಯದು ಆರ್‌ಟಿಒ ಕಚೇರಿಯಲ್ಲಿ ತೆರೆದುಕೊಳ್ಳುತ್ತದೆ.

ಮೊದಲು ಮಾಡಬೇಕಾದ ಕೆಲಸವೆಂದರೆ ಚಲನ್ ಅಥವಾ ರಸೀದಿಯಲ್ಲಿ ನಮೂದಾಗಿರುವ ಕಲಂ ಸಂಖ್ಯೆಯನ್ನು ನೋಡುವುದು. ದಂಡದ ಮೊತ್ತ ನೋಡಿ ಅಪಾಯವನ್ನು ಅಳೆಯಬಾರದು. 183 (ಅತಿವೇಗ), 184 (ಅಪಾಯಕಾರಿ ಚಾಲನೆ), 185 (ಮದ್ಯ ಸೇವಿಸಿ ಚಾಲನೆ), 189 (ರಸ್ತೆಯಲ್ಲಿ ವೇಗದ ಪೈಪೋಟಿ), 190 (ಸುಸ್ಥಿತಿಯಲ್ಲಿಲ್ಲದ ವಾಹನ), 194ಸಿ (ಬೈಕಿನಲ್ಲಿ ಮೂವರ ಸವಾರಿ), 194ಡಿ (ಹೆಲ್ಮೆಟ್ ಇಲ್ಲದ ಸವಾರಿ), 194ಇ (ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡದಿರುವುದು) ಇವುಗಳಲ್ಲಿ ಯಾವುದಾದರೂ ಇದ್ದರೆ ಲೈಸೆನ್ಸ್‌ಗೆ ಅಪಾಯವಿದೆ. ಕೆಂಪು ದೀಪ ದಾಟುವುದು, ವಾಹನ ಓಡಿಸುತ್ತ ಮೊಬೈಲ್ ಕೈಯಲ್ಲಿ ಹಿಡಿಯುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಈಗ 184ರ ವ್ಯಾಪ್ತಿಗೇ ಬರುತ್ತವೆ. ಹೆಲ್ಮೆಟ್ ಮತ್ತು ಮೂವರ ಸವಾರಿಯನ್ನು ಜನ ಸಣ್ಣ ತಪ್ಪೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಆ ಎರಡು ಕಲಂಗಳೇ 3 ತಿಂಗಳ ಅನರ್ಹತೆಯನ್ನು ತಮ್ಮ ಪಠ್ಯದಲ್ಲಿಯೇ ವಿಧಿಸಿವೆ.

ಹಾವೇರಿ ಜಿಲ್ಲೆಯ ಗೂಡ್ಸ್ ಗಾಡಿ ಚಾಲಕರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಬ್ಯಾಡಗಿ ಸುತ್ತಮುತ್ತ ಕೂಲಿಯಾಳುಗಳನ್ನು ಸರಕು ವಾಹನದ ಹಿಂಭಾಗದಲ್ಲಿ ಹೊಲಕ್ಕೆ ಒಯ್ಯುವುದು ವಾಡಿಕೆಯಂತೆ ನಡೆದುಬಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 21ನೇ ನಿಯಮವು ಸರಕು ವಾಹನದಲ್ಲಿ ಜನರನ್ನು ಸಾಗಿಸುವುದನ್ನು ಮತ್ತು ಮಿತಿಮೀರಿ ಸರಕು ಹೇರುವುದನ್ನು ಲೈಸೆನ್ಸ್ ಅನರ್ಹಗೊಳಿಸಬಹುದಾದ ಕೃತ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ, ಈ ಎರಡರ ಜೊತೆಗೆ ಅತಿವೇಗ, ಕೆಂಪು ದೀಪ ಉಲ್ಲಂಘನೆ, ಮದ್ಯ ಸೇವಿಸಿ ಚಾಲನೆ ಮತ್ತು ಮೊಬೈಲ್ ಬಳಕೆಗೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತುಗೊಳಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಗಾಡಿ ಮಾಲೀಕರೋ ಗುತ್ತಿಗೆದಾರರೋ ಒತ್ತಾಯಿಸಿ ಜನರನ್ನು ಹತ್ತಿಸಿದ್ದರೂ ಹೋಗುವುದು ಚಾಲಕನ ಲೈಸೆನ್ಸ್, ಅದರೊಂದಿಗೆ ಆ ಮನೆಯ ದಿನದ ದುಡಿಮೆ.

ಎರಡನೆಯದಾಗಿ, ಪೊಲೀಸರು ಲೈಸೆನ್ಸ್ ಪಡೆದುಕೊಂಡರೆ ಸ್ವೀಕೃತಿ ಚೀಟಿಯನ್ನು ತಪ್ಪದೆ ಕೇಳಿ ಪಡೆಯಬೇಕು. 206ನೇ ಕಲಂನ ಪ್ರಕಾರ, ಮೇಲಿನ ಎಂಟು ಕಲಂಗಳಲ್ಲಿ ಪೊಲೀಸ್ ಅಧಿಕಾರಿಯು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳುಹಿಸುತ್ತಾರೆ. ಅಮಾನತುಗೊಳಿಸುವ ಅಧಿಕಾರ ಮಾತ್ರ ಆರ್‌ಟಿಒಗೆ ಸೇರಿದ್ದು. ಆ ಚೀಟಿ ಇದ್ದರೆ ವಾಹನ ಓಡಿಸಬಹುದೆಂಬ ಮಾತು ಚಹಾದಂಗಡಿಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಹೀಗೆ ಕಳುಹಿಸಲಾದ ಲೈಸೆನ್ಸ್ ಮರಳಿ ಬರುವವರೆಗೆ ಚೀಟಿಯು ಚಾಲನೆಗೆ ಅನುಮತಿಯಾಗುವುದಿಲ್ಲ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನವರು ಎಡವುವುದೂ ಇಲ್ಲಿಯೇ. 19ನೇ ಕಲಂನ ಪ್ರಕಾರ ಆರ್‌ಟಿಒ ಆದೇಶ ಹೊರಡಿಸುವ ಮುನ್ನ ನಿಮ್ಮ ಅಹವಾಲು ಕೇಳಲೇಬೇಕು. ಕೇಳಿದ ಮೇಲೆ ನಿಮ್ಮನ್ನು ಕೈಬಿಡಬಹುದು, ಇಲ್ಲವೇ ಕಾರಣಗಳನ್ನು ಬರೆದು ಮೊದಲ ಅಪರಾಧಕ್ಕೆ 3 ತಿಂಗಳ ಅನರ್ಹತೆ ವಿಧಿಸಬಹುದು. ಎರಡನೆಯ ಬಾರಿಯಾದರೆ ಲೈಸೆನ್ಸನ್ನೇ ರದ್ದುಪಡಿಸಬಹುದು. ನೋಟಿಸ್ ಲೈಸೆನ್ಸ್‌ನಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಗದಗಿನಲ್ಲಿದ್ದಾಗ ಲೈಸೆನ್ಸ್ ಮಾಡಿಸಿ ಈಗ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿರುವವರು ಲೈಸೆನ್ಸ್ ಸೇವೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ವಿಳಾಸ ಬದಲಿಸಿಕೊಳ್ಳದಿದ್ದರೆ, ನೋಟಿಸ್ ಹಳೆಯ ಮನೆಯ ಬಾಗಿಲು ತಟ್ಟಿ ಹಿಂದಿರುಗುತ್ತದೆ, ವಿಷಯ ಇವರಿಗೆ ತಿಳಿಯುವುದೇ ಇಲ್ಲ. ಲೈಸೆನ್ಸ್ ಸಂಖ್ಯೆ ಕೆಎ 25ರಿಂದ ಆರಂಭವಾದರೆ ಧಾರವಾಡ, 63 ಆದರೆ ಹುಬ್ಬಳ್ಳಿ, 26 ಗದಗ, 27 ಹಾವೇರಿ ಎಂಬುದರ ಮೇಲಿಂದ ಯಾವ ಕಚೇರಿಯಲ್ಲಿ ಮೊದಲು ವಿಚಾರಿಸಬೇಕೆಂಬುದು ತಿಳಿಯುತ್ತದೆ.

ನೋಟಿಸ್‌ಗೆ ಉತ್ತರವನ್ನು ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ವಾಹನ ಓಡಿಸುತ್ತಿದ್ದವರು ನೀವಲ್ಲದಿದ್ದರೆ ಅದನ್ನು ದಾಖಲೆಯೊಂದಿಗೆ ತಿಳಿಸಬೇಕು, ಏಕೆಂದರೆ ಕ್ಯಾಮೆರಾ ಚಲನ್ ವಾಹನದ ಮಾಲೀಕರ ಹೆಸರಿಗೆ ಬರುತ್ತದೆ, ಲೈಸೆನ್ಸ್ ಕ್ರಮವಾದರೋ ಓಡಿಸಿದವರ ಮೇಲೆ ಆಗಬೇಕು. ಆಸ್ಪತ್ರೆಗೆ ಧಾವಿಸುತ್ತಿದ್ದಂತಹ ತುರ್ತು ಇದ್ದರೆ ಅದರ ಚೀಟಿ ಲಗತ್ತಿಸಿ. ಸುಳ್ಳು ಕಾರಣ ಬರೆಯುವುದಕ್ಕಿಂತ, ಹಿಂದೆ ಯಾವ ಪ್ರಕರಣವೂ ಇಲ್ಲವೆಂಬುದನ್ನೂ ಜೀವನೋಪಾಯ ಇದರ ಮೇಲೆ ನಿಂತಿದೆಯೆಂಬುದನ್ನೂ ನೇರವಾಗಿ ಹೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮದ್ಯ ಸೇವನೆಯ ಪ್ರಕರಣ ಮಾತ್ರ ಬೇರೆಯೇ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಶಿಕ್ಷೆಯಾದರೆ, 20ನೇ ಕಲಂನ ಅಡಿ ನ್ಯಾಯಾಲಯವೇ ಕನಿಷ್ಠ 6 ತಿಂಗಳ ಅನರ್ಹತೆಗೆ ಆದೇಶಿಸಬೇಕಾಗುತ್ತದೆ.

ಆರ್‌ಟಿಒ ಆದೇಶ ಅನ್ಯಾಯವೆನಿಸಿದರೆ, ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಆದೇಶಕ್ಕೆ ತಡೆ ಸಿಗುವುದಿಲ್ಲ. ಅಮಾನತಿನ ಅವಧಿಯಲ್ಲಿ ಮನೆಯ ಹತ್ತಿರದ ಓಣಿಯಲ್ಲಿ ಗಾಡಿ ಓಡಿಸಿದರೂ 182ನೇ ಕಲಂನ ಅಡಿ 3 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅಂಥ ವೇಳೆ ಅಪಘಾತವಾದರೆ, ಚಾಲಕ ಅನರ್ಹನಾಗಿದ್ದನೆಂಬ ಕಾರಣ ನೀಡಿ ಹೊಣೆ ನಿರಾಕರಿಸಲು ವಿಮಾ ಕಂಪನಿಗೆ ಕಾನೂನು ಅವಕಾಶ ಕೊಡುತ್ತದೆ. 3 ತಿಂಗಳು ಕಳೆದ ದಿನವೇ ಲೈಸೆನ್ಸ್ ತಾನಾಗಿ ಮನೆಗೆ ಬರುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿಯನ್ನು ಪೂರ್ಣಗೊಳಿಸಿದವರಿಗಷ್ಟೇ ಅದನ್ನು ಹಿಂದಿರುಗಿಸಬೇಕೆಂದು ಕಾಯ್ದೆ ಹೇಳುವುದರಿಂದ, ಆ ತರಬೇತಿಯನ್ನು ಎಲ್ಲಿ ಪಡೆಯಬೇಕೆಂದು ಅಮಾನತಿನ ಮೊದಲ ವಾರದಲ್ಲಿಯೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.